ಎಂಜಲಿನ ಅಂಜಿಕೆ

ಅಥಣಿ ತಾಲೂಕಿನ ಅನಂತಪುರದಲ್ಲಿ ಕುರಿ ಕಾಯುವ ಮಲಕವ್ವ ನೆಗಡಿ, ಜ್ವರ ಅಂತ ಮನೆಯಲ್ಲಿ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಗಂಡ ತೀರಿದ ಮೇಲೆ ಹಿಂಡನ್ನೂ ಮಗ ಮಾಳೇಶನನ್ನೂ ಒಬ್ಬಳೇ ಸಾಕಿದವಳು. ಬಲಗಡೆ ಮೂಗು ಕಟ್ಟಿಕೊಂಡಾಗ, ಕುರಿಧೂಳು ಎಂದುಕೊಂಡು ಸುಮ್ಮನಾದಳು. ಅಥಣಿಯ ದವಾಖಾನೆಯಲ್ಲಿ ಸೈನಸ್ ಅಂತ ಗುಳಿಗೆ ಕೊಟ್ಟರು. ಗುಳಿಗೆ ಮುಗಿದವು, ಮೂಗು ಬಿಡಲಿಲ್ಲ. ಆಮೇಲೆ ರಕ್ತ ಬರತೊಡಗಿತು, ಕಣ್ಣಿನ ಕೆಳಗೆ ಬಾವು ಬಂತು. ಕೊಳೆತ ವಾಸನೆ ಮನೆಯವರಿಗೆಲ್ಲ ಹೊಡೆಯುತ್ತಿತ್ತು. ಅವಳಿಗೊಬ್ಬಳಿಗೆ ಗೊತ್ತಾಗುತ್ತಿರಲಿಲ್ಲ.

ಮಾಳೇಶ ಅವಳನ್ನು ಮಿರಜಿನ ದೊಡ್ಡ ದವಾಖಾನೆಗೆ ಕರೆದೊಯ್ದ. ಡಾಕ್ಟರ್ ಸುಜಾತಾ ಮೂಗಿನೊಳಗಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಸತ್ತ ಮಾಂಸ ಬಿಟ್ಟರೆ ಅದರಲ್ಲೇನೂ ಸಿಗಲಿಲ್ಲ. ಇನ್ನೂ ಆಳದಿಂದ ತೆಗೆದಾಗ ಸಿಕ್ಕಿತು.

"ಮೂಗಿನ ಲಿಂಫೋಮಾ ಐತ್ರಿ. ಒಂದು ನಮೂನಿ ಕ್ಯಾನ್ಸರ್. ಗಡ್ಡಿಯೊಳಗ ಒಂದು ವೈರಸ್ಸೂ ಸಿಕ್ಕೈತಿ."

"ಅದು ಎಲ್ಲಿಂದ ಬಂತ್ರಿ?" ಮಾಳೇಶ ಕೇಳಿದ.

"ಎಂಜಲಿನಿಂದ ದಾಟತೈತಿ."

ಡಾಕ್ಟರು ಮುಂದೆಯೂ ಏನೇನೋ ಹೇಳಿದರು. ಮಲಕವ್ವನ ಕಿವಿಗೆ ಅದ್ಯಾವುದೂ ಬೀಳಲಿಲ್ಲ. ಮೊಮ್ಮಗಳು ಕೋಮಲಳಿಗೆ ಹಲ್ಲು ಬರುವ ಮುಂಚಿನಿಂದ ರೊಟ್ಟಿಯನ್ನು ಬಾಯಲ್ಲಿ ಜಗಿದು, ಮೆತ್ತಗೆ ಮಾಡಿ ಉಣ್ಣಿಸುತ್ತಿದ್ದವಳು ಅವಳೇ.

ಚಿಕಿತ್ಸೆಗೆ ಮಿರಜಿನಲ್ಲೇ ಉಳಿಯಬೇಕಿತ್ತು. ಉಡುವ ಅರಿವೆ ತರಲೆಂದು ಊರಿಗೆ ಬಂದವಳು ಮನೆಯ ಹೊಸ್ತಿಲು ದಾಟಲಿಲ್ಲ. ಕುರಿದೊಡ್ಡಿಯ ಬದಿಗೆ ಕೂತಳು. ಕೋಮಲ ಕೈಚಾಚಿ ಓಡಿ ಬಂದಾಗ, "ಬರಬ್ಯಾಡ! ಹಿಂದ ಸರಿ!" ಎಂದು ಚೀರಿದಳು. ಮಗು ಬೆದರಿ ಅಳತೊಡಗಿತು. ಸೊಸೆ ಉಜ್ವಲಾ ಓಡಿ ಬಂದು ಎತ್ತಿಕೊಂಡಳು. ಗಂಡನ ಬಾಯಿಂದ ವಿಷಯ ತಿಳಿದದ್ದೇ ತಡ, ಮಗುವಿನೊಂದಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಗ್ಗೆ ಮಿರಜಿನ ಬಸ್ಸಿನ ಹೊತ್ತಿಗೆ ಮಲಕವ್ವ ಇರಲಿಲ್ಲ. ಕುರಿಗಳೂ ಇರಲಿಲ್ಲ. ಮಾಳೇಶ ಹುಡುಕುತ್ತ ಹೋದರೆ ಹಳ್ಳದ ದಂಡೆಯಲ್ಲಿದ್ದಳು, ಸೆರಗೆಲ್ಲ ಮೂಗಿನ ರಕ್ತ.

"ಏಳಬೇ ಯವ್ವಾ, ತಡಾ ಆದ್ರ ಕೆಲಸ ಕೆಡತೈತಿ."

"ನನ್ನ ಸುದ್ದಿ ಬಿಡು. ಮೊದಲ ಕೂಸಿಗೆ ತೋರಸ್ರಿ. ಅದಕ್ಕ ಏನಿಲ್ಲಂದ್ರ ನಾ ಬರತೀನಿ, ಇಲ್ಲಂದ್ರ ಇಲ್ಲೇ ಸಾಯತೀನಿ."

ಅವನು ಕಾಲು ಹಿಡಿದರೂ ಅವಳು ಏಳಲಿಲ್ಲ. ಅಷ್ಟರಲ್ಲಿ ಉಜ್ವಲಾ ಕೋಮಲಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಳ್ಳಕ್ಕಿಳಿದು ಬಂದಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು.

"ನಡೀರಿ ಅತ್ತಿ. ಕೂಸನ್ನೂ ಕರಕೊಂಡು ಎಲ್ಲಾರೂ ಹೋಗೂನು."

ಮಿರಜಿನಲ್ಲಿ ಉಜ್ವಲಾಳೇ ಮುಂದಾಗಿ ಕೇಳಿದಳು: "ಡಾಕ್ಟರ್ ಬಾಯಾರ, ನನ್ನ ಕೂಸಿಗೂ ಈ ಬ್ಯಾನಿ ಹತ್ತೇತೇನ್ರಿ?"

ಡಾಕ್ಟರ್ ಸುಜಾತಾ ಮಲಕವ್ವನ ಕಡೆ ಕುರ್ಚಿ ಎಳೆದುಕೊಂಡರು. "ನೂರಕ್ಕ ತೊಂಬತ್ತು ಮಂದಿ ಮೈಯಾಗ ಈ ವೈರಸ್ ಇರತೈತ್ರಿ. ನನ್ನ ಮೈಯಾಗೂ ಇದ್ದೀತು. ಸಣ್ಣವರಿದ್ದಾಗ ಬರತೈತಿ, ಆಮ್ಯಾಲ ಸಾಯೂತನಾ ಸುಮ್ನ ಮಲಗಿರತೈತಿ. ಕ್ಯಾನ್ಸರ್ ಮಾತ್ರ ಒಬ್ಬರಿಂದ ಒಬ್ಬರಿಗೆ ಹತ್ತೂದಿಲ್ಲ. ಕೂಸಿಗೆ ಯಾವ ತಪಾಸಣಿನೂ ಬೇಕಾಗಿಲ್ಲ."

"ಮತ್ತ ನನ್ನ ಮೈಯಾಗಿಂದಷ್ಟ ಯಾಕ ಎದ್ದೈತ್ರಿ?"

"ಅದು ನಮಗೂ ಪೂರಾ ತಿಳದಿಲ್ಲವ್ವಾ. ಈ ಗಡ್ಡಿಯೊಳಗ ಅದು ಸಿಗತೈತಿ, ಅದಕ್ಕ ಅದರ ಕೈ ಐತಿ ಅಂತೀವಿ. ಆದ್ರ ಅದೊಂದರಿಂದ ಆಗೂದಿಲ್ಲ, ಮೈಯಾಗ ಇನ್ನೂ ಏನೇನೋ ಕೆಡಬೇಕು. ನೀವು ಮಾಡಿದ್ದು ಏನೂ ಇಲ್ಲ."

ಉಜ್ವಲಾ ಮಗುವನ್ನು ಅತ್ತೆಯ ತೊಡೆಯ ಮೇಲೆ ಕೂರಿಸಿದಳು. ಮಲಕವ್ವ ಮುಟ್ಟಲು ಅಂಜಿ ಎರಡೂ ಕೈ ಮೇಲೆತ್ತಿದಳು. "ಹಿಡೀರಿ ಅತ್ತಿ," ಎಂದಳು ಉಜ್ವಲಾ. "ನಿನ್ನಿ ನಾನೂ ಅಂಜಿದ್ನಿ."

ವಿಕಿರಣ ಚಿಕಿತ್ಸೆ ಕೊಟ್ಟರು, ಅದರ ಜೊತೆಗೆ ಇಂಜೆಕ್ಷನ್. ಬಾಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯದ ವಾರಗಳಿದ್ದವು. ಗಡ್ಡೆ ಕರಗುತ್ತಿದೆಯೋ ಇಲ್ಲವೋ ತಿಳಿಯಲು, ಅದರಿಂದ ರಕ್ತಕ್ಕೆ ಸೇರುವ ವೈರಸ್ಸಿನ ಅಂಶ ಎಷ್ಟಿದೆ ಎಂದು ನಡುನಡುವೆ ಅಳೆಯುತ್ತಿದ್ದರು. ಒಮ್ಮೆ ಇಳಿದದ್ದು ಮತ್ತೆ ಏರಿತು. ಆ ದಿನ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಮುಂದೆ ಇಳಿಯುತ್ತ ಹೋಗಿ, ಕಡೆಗೆ ಕಾಣದಾಯಿತು.

ಮಲಕವ್ವ ಈಗ ಮತ್ತೆ ಕುರಿಗಳ ಹಿಂದೆ ಹೋಗುತ್ತಾಳೆ. ವಾಸನೆ ಪೂರ್ತಿ ಮರಳಿಲ್ಲ. ತಪಾಸಣೆ ಹತ್ತಿರ ಬಂತೆಂದರೆ ಎಲ್ಲದಕ್ಕೂ ಸಿಡುಕು. ಕಳೆದ ಸಲ ರಿಪೋರ್ಟು ಮಧ್ಯಾಹ್ನದವರೆಗೂ ಬರಲಿಲ್ಲ. ಬೆಂಚಿನ ಅಂಚು ಹಿಡಿದು ಕೂತವಳು ನೀರನ್ನೂ ಮುಟ್ಟಲಿಲ್ಲ. ಡಾಕ್ಟರು ಹೊರಬಂದು, "ಈ ಸಲನೂ ರಕ್ತದಾಗ ಏನೂ ಕಂಡಿಲ್ರಿ" ಎಂದರು.

ಅವಳು ಅವರಿಗೆ ಕೈಮುಗಿದು ಎದ್ದಳು. "ನಡಿಯೋ ಮಾಳೇಶಾ, ಬಸ್ ಹೋಗತೈತಿ" ಎಂದವಳು ಮಗನಿಗಿಂತ ಮುಂದೆ ಮೆಟ್ಟಿಲಿಳಿದಳು.