ಸೋಮವಾರ ಎಲ್ಲೆಲ್ಲಿ ಅಡಗಿತ್ತು

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಹಸಿ ಮೇವು ಹಾಕಿ ಬಿಟ್ಟುಬಿಡುತ್ತಾರೆ. ನೆಲೋಗಿಯ ನಮ್ಮ ಮನೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಿಲ್ಲ. ನಡೆಯಲು ಕಲಿತ ಹಾಗೆ ಕಲಿತಿದ್ದೆವು. ಸೋಮವಾರ ಅಂದರೇನು ಅಂತ ಒಂದು ಕಂಪ್ಯೂಟರಿಗೆ ತಿಳಿಸಿ ಹೇಳುವ ಪಾಳಿ ನನಗೆ ಬಂದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಗುಲಬರ್ಗಾದಲ್ಲಿ ಕಂಪ್ಯೂಟರ್ ಕಲಿತು ಬಂದ ನನಗೆ ಅಫಜಲಪುರದ ಆಚೆ, ಭೀಮಾ ದಂಡೆಯ ಒಂದು ಸಣ್ಣ ಖಂಡಸಾರಿ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಇಂದು ಅದರ ಚಿಮಣಿಯೂ ಉಳಿದಿಲ್ಲ. ತೂಕದ ಕಾಟಾದ ಪಕ್ಕದ ಕೋಣೆಯಲ್ಲಿ ಒಂದೇ ಕಂಪ್ಯೂಟರು. ಅದು ಪ್ರತಿ ರೈತನಿಗೆ ಎರಡು ಚೀಟಿ ಹೊಡೆಯುತ್ತಿತ್ತು: ಕಬ್ಬು ಕಡಿಯುವ ಗ್ಯಾಂಗು ಹೊಲಕ್ಕೆ ಯಾವತ್ತು ಬರುತ್ತದೆ ಅನ್ನುವುದು ಒಂದು, ಆ ಕಬ್ಬು ಹೊತ್ತು ರೈತನ ಗಾಡಿ ಯಾವತ್ತು ಬರಬೇಕು ಅನ್ನುವುದು ಇನ್ನೊಂದು. ಕಡಿದ ಮರುದಿನವೇ ಗಾಡಿ ಬರಬೇಕು. ಸೋಮವಾರ ಗಾಡಿ ಹೂಡುವುದಿಲ್ಲವಾದ್ದರಿಂದ ರವಿವಾರ ಕಡಿಯುವ ಹಾಗಿಲ್ಲ. ಕಡಿದ ಕಬ್ಬು ಬಿಸಿಲಿಗೆ ಬಿದ್ದರೆ ರಸ ಆರಿ ಹಗುರಾಗುತ್ತದೆ.

ಆ ವರ್ಷ ಮಾಲಕರು ಟ್ರ್ಯಾಕ್ಟರುಗಳನ್ನು ತಂದರು. ಮ್ಯಾನೇಜರು ಕೋಣೆಗೆ ಬಂದು, "ಟ್ರ್ಯಾಕ್ಟರಿಗೇನು ಸೋಮವಾರಲೇ? ಆ ಸೂಟಿ ತಗದು ಹಾಕು," ಅಂದರು. ನಾನು ಪ್ರೋಗ್ರಾಮಿನೊಳಗೆ ಹುಡುಕಿ, ಸೋಮವಾರ ಕಂಡಲ್ಲಿ ಅಳಿಸಿದೆ. ಚೀಟಿಗಳು ಬಂದವು. ಮುಗಿಯಿತು ಅಂದುಕೊಂಡೆ.

ಮುಂದಿನ ಬುಧವಾರ ಮಣ್ಣೂರಿನ ಒಬ್ಬ ಮುದುಕಿ ಒಣಗಿದ ಕಬ್ಬಿನ ಜಲ್ಲೆಯೊಂದನ್ನು ಹಿಡಿದು ಒಳಗೆ ಬಂದಳು. ಗಂಡ ತೀರಿಕೊಂಡ ಮೇಲೆ ತಾನೇ ನಿಂತು ಒಕ್ಕಲುತನ ಮಾಡಿಸುತ್ತಿದ್ದವಳು. ಜಲ್ಲೆಯನ್ನು ಮೇಜಿನ ಮೇಲೆ ಬಡಿದಳು.

"ಐತಾರ ಬಂದು ಕಡದು ಹೋದ್ರು. ಗಾಡಿ ಚೀಟಿ ಮಂಗಳವಾರದ್ದು. ಅರ್ಧ ಹೊಲ ಎರಡ ದಿನ ಬಿಸಲಾಗ ಬಿದ್ದಿತ್ತು. ಸೋಮವಾರ ನಾವು ಎತ್ತು ಹೂಡಂಗಿಲ್ಲಂತ ನಿನ್ನ ಡಬ್ಬಿಗಿ ಗೊತ್ತಿಲ್ಲೇನು ತಮ್ಮಾ?"

"ಗೊತ್ತದ ಆಯಿ. ಒಂದು ಕಡೆ ಗೊತ್ತದ, ಇನ್ನೊಂದು ಕಡೆ ಮರ್ತದ."

"ಥೇಟ್ ನನ್ನ ಸೊಸಿಹಂಗ ಆತು ಬಿಡು! ಉಳಿದ ಅರ್ಧ ನಾ ಕಡಸಂಗಿಲ್ಲ. ಮೊದಲು ಇದರ ತಲಿ ಸುದ್ದ ಮಾಡು."

ಅವಳು ಗ್ಯಾಂಗನ್ನು ತಿರುಗಿ ಕಳಿಸಿದರೆ ಅವಳ ಪಾಳಿ ಹಂಗಾಮಿನ ಕೊನೆಗೆ ಹೋಗುತ್ತಿತ್ತು. ಅಷ್ಟು ಹೊತ್ತಿಗೆ ಉಳಿದ ಕಬ್ಬೂ ನಿಂತಲ್ಲೇ ಸೊರಗುತ್ತಿತ್ತು. ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದು, "ಆಕಿ ಹೆಸರಿಗೆ ಒಂದು ತ್ಯಾಪಿ ಹಚ್ಚಿ ಕಳಿಸಲೇ," ಅಂದರು.

ತೇಪೆ ಹಚ್ಚಲೆಂದೇ ಕೂತೆ. ಆದರೆ ಅಲ್ಲಿ ಆಗಲೇ ತೇಪೆಗಳಿದ್ದವು. ಆಳಂದದ ಕಡೆಯಿಂದ ಬಂದು ನೆಲೆಸಿದ ಒಬ್ಬ ರೈತರದು ಕೋಣದ ಗಾಡಿಯಂತೆ. ಕೋಣಕ್ಕೆ ಬಸವಣ್ಣನ ಸೂಟಿ ಯಾಕೆಂದು ಜಗಳ ತೆಗೆದಾಗ ಅವರ ಹೆಸರಿಗೆ ಮಾತ್ರ ಸೋಮವಾರದ ಸೂಟಿ ತೆಗೆದು ತೇಪೆ ಹಚ್ಚಿದ್ದರು. ಅವರು ಕೋಣ ಮಾರಿ ಎತ್ತು ಕಟ್ಟಿ ಎಷ್ಟೋ ಕಾಲವಾಗಿತ್ತು. ಪ್ರೋಗ್ರಾಮು ಇನ್ನೂ ಅವರನ್ನು ಸೋಮವಾರವೂ ಕರೆಯುತ್ತಿತ್ತು.

ಅದನ್ನು ಬರೆದ ಪುಣ್ಯಾತ್ಮ ಕೆಲಸ ಬಿಟ್ಟು ಜೇವರ್ಗಿಯಲ್ಲಿ ಔಷಧಿ ಅಂಗಡಿ ಹಾಕಿದ್ದ. ಮರುದಿನ ಬಸ್ಸು ಹಿಡಿದು ಹೋದೆ. ಚಹಾ ಕುಡಿಸಿದ, ನಾನು ಒಯ್ದ ಹಾಳೆ ನೋಡಿದ, ನಕ್ಕ.

"ಬರದಾಗ ನನಗೂ ದೇವರಿಗೂ ಗೊತ್ತಿತ್ತಪಾ. ಈಗ ದೇವರನ್ನ ಕೇಳು."

ತಿರುಗಿ ಬರುವಾಗ ಬಸ್ಸಿನಲ್ಲಿ ನಮ್ಮಜ್ಜನ ನೆನಪಾಯಿತು. ಬಿತ್ತನೆಗೆ ಯಾವ ದಿನ ಕೂರಿಗೆ ಹೂಡಬೇಕೆಂದು ಓಣಿಯವರೆಲ್ಲ ಅವನನ್ನೇ ಕೇಳುತ್ತಿದ್ದರು. "ಮನಿಗೊಬ್ಬರು ಪಂಚಾಂಗ ಹೇಳಾಕ ಕುಂತ್ರ ಊರಾಗ ದಿನಾ ಹಬ್ಬ," ಅನ್ನುತ್ತಿದ್ದ. ಈ ಪ್ರೋಗ್ರಾಮಿನಲ್ಲಿ ಆಗಿದ್ದು ಅದೇ. ಮೂಲೆ ಮೂಲೆಗೂ ಒಬ್ಬೊಬ್ಬ ಪಂಚಾಂಗದವನು ಕೂತಿದ್ದ.

ಮ್ಯಾನೇಜರಿಗೆ ಹೇಳಿದೆ: "ತ್ಯಾಪಿ ಹಚ್ಚಂಗಿಲ್ರಿ ಸಾಹೇಬ್ರ. ಶನಿವಾರ ತನಾ ಬಿಡ್ರಿ. ಬುಡದಿಂದ ಮಾಡ್ತೇನಿ."

"ಆಗಲಿಲ್ಲಂದ್ರ?"

"ಆಗೂತನಾ ಮನಿಗಿ ಹೋಗಂಗಿಲ್ರಿ."

ಪ್ರೋಗ್ರಾಮನ್ನೆಲ್ಲ ಅಗಲದ ಕಾಗದದ ಮೇಲೆ ಪ್ರಿಂಟು ತೆಗೆದು ವರಾಂಡದಲ್ಲಿ ಹಾಸಿದೆ. ಹಾರದ ಹಾಗೆ ತುದಿಗಳಿಗೆ ಕಬ್ಬಿನ ತುಂಡು ಇಟ್ಟೆ. ಕೆಂಪು ಪೆನ್ಸಿಲು ಹಿಡಿದು ಮಂಡಿಯೂರಿ ಸೋಮವಾರ ಹುಡುಕುತ್ತ ಹೋದೆ. ಒಂದೆಡೆ ಅದು ವಾರದ ಹೆಸರಾಗಿತ್ತು, ಇನ್ನೊಂದೆಡೆ ಬರೀ ಅಂಕಿ, ಮತ್ತೊಂದೆಡೆ ಏಳರಿಂದ ಭಾಗಿಸಿ ಉಳಿದ ಶೇಷ. ಗ್ಯಾಂಗಿನ ಭಾಗದಲ್ಲಿ ನಾನು ಅಳಿಸಿದ್ದೆ. ಗಾಡಿಯ ಭಾಗದಲ್ಲಿ ಅದು ಬೇರೆ ವೇಷದಲ್ಲಿ ಕೂತಿತ್ತು. ದಾಟಿ ಹೋಗುತ್ತಿದ್ದ ಕಾಟಾದವನು, "ಏನ್ ಹೇನು ಹೆಕ್ಕಾಕತ್ತೀಯೇನು?" ಅಂತ ಕೇಳಿದ. ಹೌದು ಅಂದೆ.

ಸಿಕ್ಕಿದ್ದನ್ನೆಲ್ಲ ಕಿತ್ತು, ಒಂದೇ ಜಾಗದಲ್ಲಿ ಒಂದೇ ಪ್ರಶ್ನೆ ಇಟ್ಟೆ: ಈ ಗಾಡಿ ಈ ದಿನ ಹೂಡಬಹುದೋ, ಇಲ್ಲವೋ? ಎತ್ತಿಗೆ ಒಂದು ಉತ್ತರ, ಟ್ರ್ಯಾಕ್ಟರಿಗೆ, ಕೋಣಕ್ಕೆ ಇನ್ನೊಂದು. ರೈತರ ಹೆಸರು, ಊರಿನ ಹೆಸರು ಅಲ್ಲಿ ಬರುವ ಹಾಗಿರಲಿಲ್ಲ. ಚೀಟಿ ಹೊಡೆಯುವ ಪ್ರತಿ ಭಾಗವೂ ಅಲ್ಲಿಗೇ ಬಂದು ಕೇಳಬೇಕು. ಆ ಜಾಗಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತಿನದೇ ಹೆಸರು ಬರೆದೆ: ಹೂಡಬಹುದಾ.

ಶನಿವಾರ ಮುದುಕಿ ಬಂದಳು. ಚೀಟಿ ಕೊಟ್ಟೆ: ಗ್ಯಾಂಗು ಸೋಮವಾರ, ಗಾಡಿ ಮಂಗಳವಾರ. ನಂಬಲಿಲ್ಲ.

"ನನ್ನ ಮೈದುನನ ಟ್ರ್ಯಾಕ್ಟರು ತಂದ್ರ?"

ಹೊಡೆದು ತೋರಿಸಿದೆ: ಗ್ಯಾಂಗು ರವಿವಾರ, ಟ್ರ್ಯಾಕ್ಟರು ಸೋಮವಾರ.

"ತರಂಗಿಲ್ಲ ಬಿಡು. ಹಳ್ಳ ಅಡ್ಡ ಅದ, ಟ್ರ್ಯಾಕ್ಟರು ದಾಟಂಗಿಲ್ಲ." ಬಾಗಿಲ ತನಕ ಹೋಗಿ ತಿರುಗಿದಳು. "ಮಂಗಳವಾರ ಅಮಾಸಿ ಅದಲಾ. ಅಮಾಸಿಗಿ ಯಾವಾಕಿ ಎತ್ತು ಹೂಡ್ತಾಳ?"

ಮ್ಯಾನೇಜರು ಹಣೆ ಹಿಡಿದುಕೊಂಡರು. ಹಿಂದಿನ ಪ್ರೋಗ್ರಾಮಿನಲ್ಲೂ ಅಮಾವಾಸ್ಯೆ ಇರಲಿಲ್ಲ. ಜನ ಮರುದಿನ ಬಂದು ಗೇಟಿನಲ್ಲಿ ಜಗಳಾಡುತ್ತಿದ್ದರು. "ಮತ್ತ ಮೂರು ದಿನಾನೋ?" ಅಂದರು ಮ್ಯಾನೇಜರು.

"ಆಯಿಗೆ ಚಹಾ ಹೇಳ್ರಿ ಸಾಹೇಬ್ರ," ಅಂದೆ.

ಗೋಡೆಯ ಕ್ಯಾಲೆಂಡರು ನೋಡಿ ಹಂಗಾಮಿನ ಅಮಾವಾಸ್ಯೆಗಳನ್ನು ಅದೊಂದೇ ಜಾಗದಲ್ಲಿ ಬರೆದೆ. ಬೇರೆಲ್ಲೂ ಕೈ ಹಾಕಲಿಲ್ಲ. ಅವಳು ಚಹಾ ಬಶಿಯಲ್ಲಿ ಹಾಕಿ ಊದಿ ಊದಿ ಕುಡಿಯುವಷ್ಟರಲ್ಲಿ ಎರಡೂ ಚೀಟಿ ಒಟ್ಟಿಗೆ ಬದಲಾಗಿ ಬಂದವು: ಗ್ಯಾಂಗು ಮಂಗಳವಾರ, ಗಾಡಿ ಬುಧವಾರ. ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಬುಧವಾರ ಅವಳ ಗಾಡಿ ಕಾಟಾದ ಮೇಲೆ ನಿಂತಾಗ ಹೊರಗೆ ಬಂದೆ. ಕಡಿದ ತುದಿಗಳು ಇನ್ನೂ ಹಸಿಯಾಗಿದ್ದವು, ಇರುವೆ ಮುತ್ತಿದ್ದವು. ಅವಳು ಒಂದು ಜಲ್ಲೆ ಎಳೆದು ಮೊಣಕಾಲಿಗೆ ಒತ್ತಿ ಮುರಿದು ಅರ್ಧ ನನ್ನ ಕೈಗಿಟ್ಟಳು.

"ತಿನ್ನು. ರಸ ಅದನೋ ಇಲ್ಲೋ ನೋಡು."

ಇತ್ತು. ಮೊಣಕೈ ತನಕ ಇಳಿಯಿತು.