ಅಮ್ಮನ ಗುಂಡಿನ ಸರದ ಸಾಂದ್ರತೆ

ಚಿನ್ನದ ಸಾಂದ್ರತೆ ಹತ್ತೊಂಬತ್ತು ಚಿಲ್ಲರೆ ಅಂತ ಪ್ರತಿವರ್ಷ ಮಕ್ಕಳಿಗೆ ಪಾಠ ಮಾಡೋ ಮೇಷ್ಟ್ರು ನಾನು. ಹೈಸ್ಕೂಲಲ್ಲಿ ಅದನ್ನ ಕಲಿತ ವಾರವೇ ತಾತ ಅಮ್ಮನಿಗೆ ಮಾಡಿಸಿಕೊಟ್ಟಿದ್ದ ಗುಂಡಿನ ಸರ ತೂಗಿ, ಅಳತೆ ಜಾಡಿಯ ನೀರಿಗೆ ಇಳಿಬಿಟ್ಟು ಲೆಕ್ಕ ಹಾಕಿದ್ದೆ. ಉತ್ತರ ಹತ್ತೂ ದಾಟಲಿಲ್ಲ. “ಇದು ಚಿನ್ನ ಅಲ್ಲಮ್ಮ, ತಾತ ಮೋಸ ಹೋಗಿದ್ದಾರೆ!” ಅಂತ ಮನೆತುಂಬ ಕುಣಿದಾಡಿದೆ. ಆಮೇಲೆ ಅಮ್ಮ ಆ ಸರ ಹಾಕ್ಕೊಂಡಿದ್ದನ್ನ ನಾನು ನೋಡಲೇ ಇಲ್ಲ.

ಮೊನ್ನೆ ನನ್ನ ಮಗಳು ಅದು ಬೇಕು ಅಂದಳು. ಮುರಿದಿದ್ದ ಕೊಂಡಿ ಹಾಕಿಸೋಕೆ ದೊಡ್ಡಬಳ್ಳಾಪುರದ ಆಚಾರಿಯೊಬ್ಬರ ಹತ್ತಿರ ಹೋದೆ.

“ಚಿನ್ನ ಅಲ್ಲ, ಸುಮ್ನೆ ಒಂದು ಕೊಂಡಿ ಹಾಕ್ಕೊಡಿ” ಅಂದೆ.

ಅವರು ಸರವನ್ನ ಒರೆಗಲ್ಲಿಗೆ ಉಜ್ಜಿ ನೋಡಿ, ಒಂದು ಗುಂಡನ್ನ ಉರಿಗೆ ಹಿಡಿದರು. ತೂತಿನಿಂದ ಕಪ್ಪಗೆ ಅರಗು ಒಸರಿತು.

“ಒಳಗೆ ಟೊಳ್ಳು ಸಾರ್. ನಜ್ಜಾಗದೆ ಇರ್ಲಿ ಅಂತ ಅರಗು ತುಂಬ್ತೀವಿ. ಮೇಲಿನ ತಗಡು ಅಪ್ಪಟ ಚಿನ್ನ. ಯಾರ್ ಸಾರ್ ಅಲ್ಲ ಅಂದಿದ್ದು?”

“ನಮ್ಮನೇಲಿ ಒಬ್ಬ ವಿಜ್ಞಾನಿ ಇದ್ದ” ಅಂದೆ.

ಮನೆಗೆ ಬಂದು ಅಮ್ಮನಿಗೆ ಹೇಳಿದರೆ ನಕ್ಕಳು. “ನಂಗೊತ್ತಿತ್ತು ಕಣೋ. ಹಾಕ್ಕೊಂಡಿದ್ರೆ ನಿನ್ ಲೆಕ್ಕ ತಪ್ಪು ಅಂದಂಗಾಗ್ತಿತ್ತು. ಅವತ್ತು ಎಷ್ಟು ಖುಷೀಲಿದ್ದೆ ನೀನು!”

ಅಮ್ಮ ಅವತ್ತೇ ಬಾಯಿಬಿಟ್ಟಿದ್ದರೆ ನಾನು ಮೇಷ್ಟ್ರೇ ಆಗ್ತಿರಲಿಲ್ಲವೇನೋ. ಎಷ್ಟೋ ಮಕ್ಕಳು ಬಚಾವಾಗ್ತಿದ್ದರು.