ಹುರಿಯಕ್ಕನ ಮೂಗು

"ಕೊಳೆತ ನಾರು ಕಣ್ಣಿಗೆ ಗೊತ್ತಾಗಲ್ಲ ಕಣೇ. ರೇಷ್ಮೆ ಹಾಗೆ ಬೆಳ್ಳಗೇ ಇರುತ್ತೆ. ಕತ್ತಾಳೆ ಎಲೆ ನೆನೆಹಾಕಿದ ಮೇಲೆ ದಿನಾ ಮೂಸ್ತಿರಬೇಕು. ಮೊದಲು ಹಸಿ ಹುಲ್ಲಿನ ವಾಸನೆ, ಆಮೇಲೆ ಹುಳಿ, ಆಮೇಲೆ ಹೊಟ್ಟೆ ತೊಳೆಸೋ ನಾತ. ನಾತ ಶುರುವಾದ ದಿನವೇ ತೆಗೀಬೇಕು. ಬಿಟ್ರೆ ತಿರುಳಿನ ಜತೆ ನಾರಿನ ಜೀವಾನೂ ಹೋಗುತ್ತೆ. ನಮ್ಮಮ್ಮ ಇದನ್ನ ಬಾಯಲ್ಲಿ ಹೇಳ್ಕೊಡ್ಲಿಲ್ಲ, ಕುತ್ತಿಗೆ ಹಿಡಿದು ತೊಟ್ಟಿಗೆ ಬಗ್ಗಿಸಿದ್ಲು. ಮದುವೆಯಾದ ಹೊಸದರಲ್ಲಿ ಇವ್ರು, 'ನಿನ್ನ ಕೈ ವಾಸನೆ' ಅಂತ ಮುಖ ತಿರುಗಿಸೋರು. 'ಅನ್ನ ಹಾಕೋದು ಇದೇ ಕೈ, ತಿರುಗಿ ಈ ಕಡೆ' ಅಂದೆ."

ಹೀಗೆನ್ನುತ್ತಿದ್ದ, ಹಗ್ಗ ಹೊಸೆಯುವ ಹುರಿಯಕ್ಕ ನನ್ನ ಪಕ್ಕದ ಮನೆಯವಳು. ಈ ಸಲದ ಜ್ವರ ಅವಳ ಮೂಗಿನ ಶಕ್ತಿಯನ್ನೇ ಕಿತ್ತುಕೊಂಡು ಹೋಯಿತು. ಒಲೆಯ ಮೇಲೆ ಹಾಲು ಸೀದು ನನ್ನ ಮನೆಯವರೆಗೆ ವಾಸನೆ ಬಂದಿತ್ತು. ಓಡಿಹೋಗಿ ನೋಡಿದರೆ ಅವಳು ಪಕ್ಕದಲ್ಲೇ ಕೂತು ನಾರು ಬಿಡಿಸುತ್ತಿದ್ದಳು.

"ಯಾರಿಗೂ ಹೇಳ್ಬೇಡ. ಮೂಗಿಲ್ಲದೋಳ ಹಗ್ಗ ಯಾರು ಕೊಳ್ತಾರೆ? ದಿನ ಎಣಿಸಿ ತೆಗೀತೀನಿ ಬಿಡು" ಎಂದಳು.

ಆದರೆ ಬಿಸಿಲು ಬೇಗ ಏರಿ ತೊಟ್ಟಿಯ ನೀರು ಕಾದಿತ್ತು. ಅವಳ ಎಣಿಕೆ ಮುಗಿಯುವ ಮೊದಲೇ ಎಲೆಯ ಜತೆ ನಾರೂ ಕೊಳೆತಿತ್ತು. ಅದು ತಿಳಿಯದೆ ಅದೇ ನಾರಿನಿಂದ ಹಗ್ಗ ಹೊಸೆದಳು. ಬಾವಿಗಿಳಿದು ಹೂಳೆತ್ತುವ ಅವಳ ತಮ್ಮ ಹೊಸ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, "ಅಕ್ಕಾ, ಮದುಮಗಳ ಜಡೆ ಹಾಗಿದೆಯಲ್ಲೇ!" ಎಂದು ನಗುತ್ತಾ ಹೋದ.

ಹುರಿಯಕ್ಕ ಉಳಿದ ನಾರನ್ನು ಬೆರಳಿಗೆ ಸುತ್ತಿ ಎಳೆದಳು. ಗಟ್ಟಿ ನಾರಾದರೆ ಚಟ್ ಎನ್ನಬೇಕಿತ್ತು, ಇದು ಸದ್ದಿಲ್ಲದೆ ಬಿಟ್ಟುಕೊಂಡಿತು. ಅವಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಹಿಂದೆ ನಾನು ಏದುಸಿರು ಬಿಡುತ್ತಾ.

ತಮ್ಮ ಸೊಂಟಕ್ಕೆ ಹಗ್ಗ ಬಿಗಿದು ಬಾವಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟಿದ್ದ.

"ಇಳೀಬೇಡ್ವೋ!"

"ಏನೇ ನಿಂದು? ಜನ ನೋಡ್ತಿದಾರೆ."

"ನೋಡ್ಲಿ. ನಂಗೆ ವಾಸನೆ ಗೊತ್ತಾಗಲ್ಲ. ನಾರು ಕೊಳೆತಿದೆ."

ಅವನು ನಂಬಲಿಲ್ಲ. ಆದರೂ ಹಗ್ಗ ಬಿಚ್ಚಿ, ಕಲ್ಲು ತುಂಬಿದ ಬುಟ್ಟಿಗೆ ಕಟ್ಟಿ ಇಳಿಸಿದ. ಅರ್ಧ ದಾರಿಯಲ್ಲಿ ಹಗ್ಗ ಕೈಯಲ್ಲಿ ಹಗುರಾಯಿತು. ಕೆಳಗಿನಿಂದ ಬುಟ್ಟಿ ಬಿದ್ದ ಸದ್ದು ಬಂತು.

"ಮೊದಲೇ ಹೇಳೋಕೆ ಏನಾಗಿತ್ತೇ ನಿಂಗೆ?" ಎಂದ.

ಆಮೇಲೆ ಅವಳ ಹಗ್ಗ ಕೇಳಿ ಯಾರೂ ಬರಲಿಲ್ಲ. ತಮ್ಮನೂ ಬಹಳ ಕಾಲ ಇತ್ತ ತಲೆ ಹಾಕಲಿಲ್ಲ. ಮೊನ್ನೆ ಬಂದ, ಊಟಕ್ಕೆ ಕೂತ.

"ನೈಲಾನ್ ಹಗ್ಗ ತಗೊಂಡೆ. ಕೈ ಜಾರುತ್ತೆ ಕಣಕ್ಕ."

"ಜಾರಿದ್ರೆ ಗಂಟು ಹಾಕ್ಕೋ. ಕಡಿಯಲ್ವಲ್ಲ."

ಅವನು ಅವಳ ಮುಖ ನೋಡದೆಯೇ ಎದ್ದು ಹೋದ. ಹುರಿಯಕ್ಕ ಅವನುಂಡ ತಟ್ಟೆಯನ್ನು ಹಿತ್ತಲಿಗೆ ತಂದಳು. ನಾನು ನೀರು ಹೊಯ್ದೆ, ಅವಳು ಉಜ್ಜಿದಳು.